ಕೆರೆ ಅಣ್ಣನಿಗೆ, ಪೈಪು ತಂಗಿಗೆ

ಪೋಲೆಂಡಿನಲ್ಲಿ ಹಿಂದೆ ಮೊಳದುದ್ದದ ರಾಜನೊಬ್ಬನಿದ್ದ ಎಂದು ಹೋಂಸ್ಟೇಗೆ ಬಂದಿದ್ದ ಅಲ್ಲಿನವನೊಬ್ಬ ಹೇಳಿದಾಗ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಲರಾಜ್ ನಂಬಿಯೇಬಿಟ್ಟ. ಬಿ.ಎ. ಓದಿದವನು ಬೇರೆ. ಮಲ್ಲಿಗೆ ಅಳೆಯುವ ಹಾಗೆ ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ನೋಡಿ, ಕುದುರೆ ಹತ್ತಲು ಏಣಿ ಇಡುತ್ತಿದ್ದರಾ ಎಂದು ಕೇಳಿದ. ಅತಿಥಿ ನಕ್ಕು ಕಾಫಿ ಚೆಲ್ಲಿಕೊಂಡ. ರಾಜ ಬರೀ ಕುಳ್ಳನಂತೆ. ಮೊಳ ಎನ್ನುವುದು ಜನ ಇಟ್ಟ ಅಡ್ಡಹೆಸರು. ರಾಜ್ಯವನ್ನು ದಾಯಾದಿಗಳು ಹರಿದು ಹಂಚಿಕೊಂಡಿದ್ದರು, ಇವನು ದೇಶವನ್ನೇ ಬಿಟ್ಟು ಓಡಬೇಕಾಗಿತ್ತು. ಏಳುನೂರು ವರ್ಷದ ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ವಾಪಸು ಬಂದ, ರೈತರು ಕೂಡಿಕೊಂಡರು, ತುಂಡುಗಳನ್ನು ಒಂದೊಂದಾಗಿ ಸೇರಿಸಿ ಅರವತ್ತರ ಹತ್ತಿರ ಕಿರೀಟ ಇಟ್ಟುಕೊಂಡ.

ಅಂದಿನಿಂದ ಗಿಡ್ಡಮ್ಮನನ್ನು ಕಂಡಾಗಲೆಲ್ಲ ಬಾಲರಾಜನಿಗೆ ಆ ರಾಜನ ನೆನಪು.

ಗಿಡ್ಡಮ್ಮ ನಾಲ್ಕೂವರೆ ಅಡಿ. ಮದುವೆಯಾಗಿ ಮೂಡಿಗೆರೆ ಕಡೆಯ ಈ ತೋಟಕ್ಕೆ ಬಂದಾಗ, ಮೇಲಿನ ರೆಂಬೆ ಎಟುಕದ ಇವಳು ಕುಯ್ಲಿಗೆ ಆಗಲಿಕ್ಕಿಲ್ಲವೆಂದು ಸ್ಪ್ರಿಂಕ್ಲರ್ ಪೈಪು ಜೋಡಿಸಲು ಹಾಕಿದರು. ಮೂವತ್ತೈದು ವರ್ಷದಲ್ಲಿ ಆ ಕೆಲಸಕ್ಕೆ ಅವಳೇ ಮೇಸ್ತ್ರಿ. ಗಂಡ ತೀರಿಕೊಂಡ ವರ್ಷ ಬಿಟ್ಟರೆ, ನೀರು ಹಾಯಿಸುವ ಮಾರ್ಚ್ ತಿಂಗಳಲ್ಲಿ ರಜೆ ಹಾಕಿದವಳಲ್ಲ.

ಹಳೇ ಸಾಹುಕಾರರು ಹೋದ ಮೇಲೆ ತೋಟ ಮೂರು ಪಾಲಾಯಿತು. ಕೆರೆ ದೊಡ್ಡ ಮಗ ಬಸವರಾಜಪ್ಪನವರಿಗೆ, ಕೆರೆಯ ದಂಡೆಯ ಪಂಪ್‌ಮನೆಯಲ್ಲಿದ್ದ ಎಂಜಿನ್ ತಮ್ಮ ಹಾಲೇಶಪ್ಪನವರಿಗೆ, ಪೈಪುಗಳು ತಂಗಿ ಗಿರಿಜಾಂಬಾ ಅವರಿಗೆ. ಕೂಲಿಯವರ ಲೈನ್ ಮನೆಗಳೂ ಹಾಗೇ ಹಂಚಿಹೋದವು. ಗಿಡ್ಡಮ್ಮ ದೊಡ್ಡವರ ಆಳು, ಅವಳ ತಂಗಿ ನಂಜಮ್ಮ ಚಿಕ್ಕವರ ಆಳು, ಮಗಳು ಕುಸುಮಾ ಗಿರಿಜಾಂಬಾ ಅವರ ಆಳು. ಒಬ್ಬರ ಸಾಮಾನು ಇನ್ನೊಬ್ಬರು ಮುಟ್ಟುವಂತಿಲ್ಲ. ಮೂವರ ಹಾಜರಿ ಪುಸ್ತಕ, ಕೀಗಳು ಮಾತ್ರ ಬಾಲರಾಜನ ಹತ್ತಿರವೇ ಉಳಿದವು.

ಈ ಸಲ ಹೂಮಳೆ ಕಾಲಿಂಚು ಬಿದ್ದು ಕೈಕೊಟ್ಟಿತು. ಮೊಗ್ಗು ಅರ್ಧ ಉಬ್ಬಿ ನಿಂತವು. ಇನ್ನೆರಡು ದಿನದಲ್ಲಿ ನೀರು ಸಿಗದಿದ್ದರೆ ಕರಟುತ್ತವೆ. ಹೂವಿಲ್ಲದಿದ್ದರೆ ಡಿಸೆಂಬರಿಗೆ ಕುಯ್ಲಿಲ್ಲ, ಮೂರೂ ಲೈನಿಗೆ ಕೆಲಸವಿಲ್ಲ. ಬಾಲರಾಜ್ ಗಳಿಗೆಗೊಮ್ಮೆ ಮೊಬೈಲಿನಲ್ಲಿ ಹವಾಮಾನ ನೋಡಿದ, ತಾನು ನೋಡಿದ್ದಕ್ಕೆ ಮೋಡ ಹೆದರಿ ಬರುತ್ತದೇನೋ ಎಂಬಂತೆ. ಗಿಡ್ಡಮ್ಮ ನೀರು ಬಿಡಿಸಿ ಎಂದು ಮೂರೂ ಧಣಿಗಳ ಮನೆಯ ಮೆಟ್ಟಿಲು ಹತ್ತಿ ಇಳಿದಳು. ಮೊದಲು ಅವರು ಬಂದು ಕೇಳಲಿ ಎಂದರು ಮೂವರೂ.

ಮರುದಿನ ಬೆಳಿಗ್ಗೆ ಬಾಲರಾಜ್ ಹಾಜರಿ ಪುಸ್ತಕ ತೆರೆದರೆ ಅಂಗಳದಲ್ಲಿ ನರಪಿಳ್ಳೆ ಇಲ್ಲ. ಮೂರೂ ಲೈನಿನವರು ಪೈಪು ಹೊತ್ತು ಕೆರೆ ಏರಿಯ ಮೇಲೆ ನಿಂತಿದ್ದರು. ಗಿಡ್ಡಮ್ಮ ಒಬ್ಬಳೇ ಆಫೀಸಿಗೆ ಬಂದು ಪಂಪ್‌ಮನೆಯ ಕೀಗೆ ಕೈ ಚಾಚಿದಳು.

"ನನ್ನ ಕೆಲ್ಸ ಹೋಗುತ್ತೆ, ಗಿಡ್ಡಮ್ಮ."

"ಹೂ ಹೋದ್ರೆ ಉಳಿಯುತ್ತಾ ಮಾರಾಯ?"

ಬಾಲರಾಜ್ ಕೀ ಕೊಡಲಿಲ್ಲ. ಮೇಜಿನ ಮೇಲಿಟ್ಟು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಎಂಜಿನ್ ಸದ್ದು ಕೇಳಿದ ಮೇಲೂ ಹೊರಗೆ ಬರಲು ಅವನಿಗೆ ಹತ್ತು ನಿಮಿಷ ಬೇಕಾಯಿತು.

ಸದ್ದಿಗೆ ಮೂರು ದಿಕ್ಕಿನಿಂದ ಮೂರು ಜೀಪು ಬಂದವು. ಬೇಲಿ ತಂತಿ ಪಕ್ಕಕ್ಕೆ ಸರಿದಿತ್ತು, ಮೂವರ ಗಿಡಗಳ ಮೇಲೂ ನೀರು ತಿರುಗುತ್ತಿತ್ತು. ಎಂಜಿನ್ ನಿಲ್ಲಿಸಿ ಎಂದರೆ ತಮ್ಮ ಗಿಡಕ್ಕೂ ನೀರು ನಿಲ್ಲುತ್ತಿತ್ತು. ಹಾಲೇಶಪ್ಪನವರು ಎಂಜಿನ್ ನೋಡಿದರು, ಗಿರಿಜಾಂಬಾ ಅವರು ಪೈಪು ನೋಡಿದರು. ಬಸವರಾಜಪ್ಪನವರು ಮಾತ್ರ ಗಿಡ್ಡಮ್ಮನನ್ನು ಕರೆದು, ತಮ್ಮನ, ತಂಗಿಯ ಎದುರಿಗೇ ಕೇಳಿದರು.

"ನೀನು ನಮ್ಮಲ್ಲಿ ಯಾರ ಕಡೆಯವಳು?"

ಕೀ ವಿಷಯ ಈಗ ಬರುತ್ತದೆಂದು ಬಾಲರಾಜ್ ಜೀಪಿನ ಹಿಂದಕ್ಕೆ ಸರಿದ.

ಗಿಡ್ಡಮ್ಮ ಒದ್ದೆ ಸೆರಗು ಹಿಂಡಿದಳು. "ಯಾರ ಕಡೆಯೂ ಅಲ್ಲ ಅಯ್ಯಾ. ನಂಗೆ ಡಿಸೆಂಬರಲ್ಲಿ ಕೆಲ್ಸ ಬೇಕು."