ನೆಲದವರೆಗಿನ ಕಿಟಕಿ

ಆ ಶನಿವಾರ ಅಕ್ಕ ಬಿನ್ನಿಪೇಟೆ ಕಡೆಯ ಕಿಟಕಿ ಅಂಗಡಿಯೊಂದರಲ್ಲಿ ಒಂದೇ ಕಿಟಕಿಯಿಂದ ಆರು ಸಲ ಹೊರಗೆ ಹೋಗಿ ಆರು ಸಲ ಒಳಗೆ ಬಂದಳು. ಅದು ಮಾದರಿಗೆಂದು ಅಂಗಡಿಯ ನಡುವೆ ನಿಲ್ಲಿಸಿದ್ದ ಫ್ರೆಂಚ್ ವಿಂಡೋ. ಆಚೆಗೂ ಅಂಗಡಿ, ಈಚೆಗೂ ಅಂಗಡಿ. ಆದರೂ ಪ್ರತಿ ಸಲ ಹೊರಗೆ ಕಾಲಿಟ್ಟಾಗ ಅಕ್ಕ ತಲೆಯೆತ್ತಿ ಮೇಲೆ ನೋಡುತ್ತಿದ್ದಳು, ಮೋಡ ಇದೆಯೇನೋ ಎಂಬಂತೆ.

ಅಂಗಡಿಯವನು ಕೈಕಟ್ಟಿ ನಿಂತಿದ್ದ. ‘ಮೇಡಂ, ಸ್ಲೈಡಿಂಗ್ ತಗೊಳ್ಳಿ. ಜಾಗ ಉಳಿಯುತ್ತೆ. ಎಲ್ಲಾರೂ ಅದೇ ಹಾಕಿಸ್ತಿದಾರೆ.’

‘ನಿಮ್ಮನೇಲಿ ಏನು ಹಾಕ್ಸಿದೀರಿ?’

‘ನಮ್ಮದು ಬಾಡಿಗೆ ಮನೆ ಮೇಡಂ. ಕಿಟಕಿ ಮುಚ್ಚೋಕೇ ಬರಲ್ಲ.’

ಅಕ್ಕ ಬೆರಳಿನಿಂದ ಚೌಕಟ್ಟನ್ನು ತಟ್ಟಿ ನೋಡಿದಳು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಯಾವುದನ್ನು ತಟ್ಟಿದರೂ ಬ್ಲ್ಯಾಕ್‌ಬೋರ್ಡ್ ತಟ್ಟಿದ ಹಾಗೆಯೇ. ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಗೃಹಪ್ರವೇಶಕ್ಕೆ ಹೋಗಿ ಬಂದಂದಿನಿಂದ ಅವಳಿಗೆ ಈ ಹುಚ್ಚು ಹಿಡಿದಿತ್ತು. ‘ಕಿಟಕಿ ನೆಲದ ತನಕ ಇರುತ್ತೆ ಕಣೇ. ತೆಗೆದು ನಡ್ಕೊಂಡೇ ಹೋಗ್ಬಹುದು’ ಎಂದು ಮೂರು ತಿಂಗಳಿಂದ ಹೇಳುತ್ತಿದ್ದಳು. ‘ಅದಕ್ಕೆ ನಮ್ಮ ಕಡೆ ಬಾಗಿಲು ಅಂತಾರೆ’ ಎಂದು ನಾನೂ ಮೂರು ತಿಂಗಳಿಂದ ಹೇಳುತ್ತಿದ್ದೆ.

ಬಸವನಗುಡಿಯಲ್ಲಿ ಅಪ್ಪ ಬಿಟ್ಟುಹೋದ ಸಣ್ಣ ಮನೆ ನಮ್ಮದು. ಅಕ್ಕನಿಗೂ ಮದುವೆಯಾಗಲಿಲ್ಲ, ನನಗೂ ಆಗಲಿಲ್ಲ. ಅವಳು ಕಲಿಸಿದಳು, ನಾನು ಬೀದಿಯವರ ಬ್ಲೌಸು ಹೊಲಿದೆ. ಹಾಲ್‌ನ ಗೋಡೆಯಾಚೆ, ಪ್ಯಾಸೇಜಿನಷ್ಟು ಅಗಲದ ಜಾಗದಲ್ಲಿ ಒಂದು ಸೀಬೆಮರ ಇದೆ. ಅದರ ಕಾಯಿಯನ್ನು ಅಳಿಲುಗಳು ಅರ್ಧ ತಿಂದು ಅರ್ಧ ಬಿಸಾಡುತ್ತವೆ. ಅಕ್ಕನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಆದರೆ ಅಲ್ಲಿಗೆ ಹೋಗಬೇಕೆಂದರೆ ಅಡುಗೆಮನೆ ಹಾದು, ಹಿಂಬಾಗಿಲು ದಾಟಿ, ಬಟ್ಟೆ ಒಗೆಯುವ ಕಲ್ಲು ಸುತ್ತಬೇಕು. ಅವಳ ಮಂಡಿ ಅಲ್ಲಿಗೆ ತಲುಪುವಷ್ಟರಲ್ಲಿ ಅಳಿಲು ಊಟ ಮುಗಿಸಿ ಹೋಗಿರುತ್ತಿತ್ತು. ‘ಎದುರಿಗೆ ನಿಂತು ಬೈಬೇಕು ಕಣೇ. ಕಿಟಕಿಯೊಳಗಿಂದ ಬೈದ್ರೆ ಮರ್ಯಾದೆ ಕೊಡಲ್ಲ ಅವು.’

ನನ್ನ ತಕರಾರು ಬೇರೆ. ಹಾಲಿನ ಆ ಗೋಡೆಗೆ ಇದ್ದ ಹಳೆಯ ಕಿಟಕಿಯ ಕೆಳಗೇ ನನ್ನ ಹೊಲಿಗೆ ಮೆಷಿನ್ ಇತ್ತು. ನಲವತ್ತು ವರ್ಷ ಆ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸಿದ್ದೇನೆ. ಕಿಟಕಿ ನೆಲದ ತನಕ ಬಂದರೆ ಮೆಷಿನ್ ಎಲ್ಲಿಡುವುದು?

ಅಂಗಡಿಯಿಂದ ವಾಪಸು ಬರುವಾಗ ಗಾಂಧಿ ಬಜಾರಿನಲ್ಲಿ ಇಳಿದು ಬೈ ಟೂ ಕಾಫಿ ಕುಡಿದೆವು. ‘ಪ್ಲಾಸ್ಟಿಕ್ ಬೇಡ, ಬಕೆಟ್ ನೋಡಿದ ಹಾಗಾಗುತ್ತೆ. ಮರದ್ದೇ ಮಾಡ್ಸೋಣ. ಬಾಗಿಲು ಆಚೆಗೆ ತೆಗೀಬೇಕು’ ಎಂದಳು.

‘ಎಲ್ಲಾ ಸರಿ. ಮೆಷಿನ್ನು?’

‘ಅದಕ್ಕೊಂದು ಜಾಗ ಯೋಚಿಸಿಟ್ಟಿದೀನಿ.’

‘ಎಲ್ಲಿ?’

‘ನಾಳೆ ತೋರಿಸ್ತೀನಿ. ಈಗ ಹೇಳಿದ್ರೆ ಇಲ್ಲೇ ಜಗಳ ತೆಗೀತೀಯ, ಕಾಫಿ ಆರೋಗುತ್ತೆ.’

ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಗೇಟಿನವರೆಗೆ ಹೋದವಳು ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರ್ಷದೊಳಗೆ ಗೋಡೆ ಒಡೆಯಬಾರದು ಎಂದು ನೆಂಟರು ಹೇಳಿದರು. ನನಗೂ ಒಡೆಸುವ ಮನಸ್ಸಿರಲಿಲ್ಲ. ಅಕ್ಕನ ಫೋನನ್ನು ಮಾತ್ರ ಚಾರ್ಜಿಗೆ ಹಾಕಿಡುತ್ತಿದ್ದೆ. ಅದಕ್ಕೆ ತಿಂಗಳಿಗೊಮ್ಮೆ ಅಂಗಡಿಯವನ ಕರೆ ಬರುತ್ತಿತ್ತು.

‘ಮೇಡಂ, ಫೈನಲ್ ಮಾಡಿದ್ರಾ?’

‘ಅವರು ಊರಲ್ಲಿಲ್ಲ’ ಎನ್ನುತ್ತಿದ್ದೆ. ಐದನೇ ತಿಂಗಳಿಗೆ ಅವನೇ ಕೇಳಿದ, ‘ಫಾರಿನ್‌ಗೆ ಹೋಗಿದಾರಾ ಮೇಡಂ? ಅಲ್ಲಿಯ ಮಾಡೆಲ್ ನೋಡ್ಕೊಂಡು ಬರಲಿ ಬಿಡಿ, ನಾವು ಅದನ್ನೂ ಮಾಡ್ಕೊಡ್ತೀವಿ.’

ವರ್ಷದ ತಿಥಿ ಮುಗಿದ ಮೇಲೆ ಕಿಟಕಿ ಮಾಡಿಸುವುದೆಂದು ನಿಶ್ಚಯಿಸಿದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ನಮ್ಮ ಬಾಗಿಲುಗಳನ್ನು ಲೆಕ್ಕ ಹಾಕಿದರು. ‘ಈಗ ಆರಿದೆ. ಇದೊಂದು ಸೇರಿದ್ರೆ ಏಳು. ಬೆಸ ಆಗ್ಬಾರ್ದು ಕಣ್ರೀ.’

‘ಇದು ಕಿಟಕಿ’ ಎಂದೆ.

‘ಕಿಟಕೀಲಿ ಯಾರು ರೀ ಓಡಾಡ್ತಾರೆ?’

ಮೂರು ತಿಂಗಳು ನಾನು ಅಕ್ಕನಿಗೆ ಹೇಳುತ್ತಿದ್ದ ಮಾತು ಅದೇ. ಈಗ ಅವಳ ಪಕ್ಷದಲ್ಲಿ ನಿಂತು ವಾದಿಸಿದೆ. ಹಿತ್ತಲಿನ ಬಚ್ಚಲಿಗೆ ಬಾಗಿಲೇ ಇಲ್ಲ, ತಗಡು ಅಡ್ಡ ಇಟ್ಟಿದ್ದೇವೆ, ಅದನ್ನು ಬಾಗಿಲೆಂದು ಹಿಡಿದರೆ ಎಂಟಾಗುತ್ತದೆ ಎಂದೆ. ಅವರು ಇನ್ನೊಮ್ಮೆ ಬೆರಳು ಮಡಿಸಿ ಎಣಿಸಿ, ತಗಡಿಗೊಂದು ಚಿಲಕ ಹಾಕಿಸಿದರೆ ನಡೆಯುತ್ತದೆ ಎಂದು ಒಪ್ಪಿಗೆ ಕೊಟ್ಟರು. ಹಾಕಿಸಿದೆ.

ಗಾರೆಯವರು ಬಂದು ಹಳೆಯ ಕಿಟಕಿ ಕಿತ್ತು, ಗೋಡೆಯನ್ನು ನೆಲದವರೆಗೆ ಒಡೆದು ಹೋದರು. ಮರಗೆಲಸದ ಆಚಾರ್ರು ಮಾವಳ್ಳಿಯವರು, ವಯಸ್ಸಾದವರು. ಸೊಂಟ ಹಿಡಿದಿದೆ, ಬರಲಾಗುವುದಿಲ್ಲ ಎಂದರು. ‘ತೆರವಿನ ಅಳತೆ ಕಳ್ಸಿ ಸಾಕಮ್ಮ. ನೀವು ಟೈಲರ್ರು. ನಿಮ್ಮ ಅಳತೆ ತಪ್ಪುತ್ತಾ?’

ಟೇಪು ಹಿಡಿದು ಅಳೆದೆ. ಚೀಟಿಯಲ್ಲಿ ಬರೆದು ಕಳಿಸಿದೆ.

ಹತ್ತು ದಿನಕ್ಕೆ ಚೌಕಟ್ಟು ಗೂಡ್ಸ್ ಆಟೋದಲ್ಲಿ ಬಂತು, ಹಿಂದೆಯೇ ಆಚಾರ್ರೂ ಸೊಂಟ ಹಿಡಿದುಕೊಂಡು ಬಂದರು. ಎತ್ತಿ ನಿಲ್ಲಿಸಿದರೆ ಅದು ಗೋಡೆಯೊಳಗೆ ಹೋಗಲೇ ಇಲ್ಲ. ಅಡ್ಡ ಎರಡಿಂಚು ಜಾಸ್ತಿ, ಎತ್ತರ ಎರಡಿಂಚು ಜಾಸ್ತಿ. ಆಚಾರ್ರು ತಮ್ಮ ಟೇಪಿನಿಂದ ಚೌಕಟ್ಟು ಅಳೆದರು, ಗೋಡೆ ಅಳೆದರು, ಕನ್ನಡಕ ಒರೆಸಿ ಚೀಟಿ ಓದಿದರು.

‘ನಾನು ನೀವು ಬರೆದಂಗೇ ಮಾಡಿದೀನಮ್ಮ. ಗೋಡೆ ಏನಾದ್ರೂ ಕುಗ್ತಾ?’

ಆಗ ನನಗೆ ಹೊಳೆಯಿತು. ‘ಸುತ್ತ ಒಂದೊಂದಿಂಚು ಮಾರ್ಜಿನ್ ಸೇರಿಸಿದೀನಿ ಆಚಾರ್ರೇ.’ ಕೈ ತಾನಾಗಿ ಸೇರಿಸಿತ್ತು. ಅದಿಲ್ಲದೆ ನಾನು ಯಾವ ಅಳತೆಯನ್ನೂ ಬರೆದವಳಲ್ಲ.

‘ಮಾರ್ಜಿನ್ ಯಾಕಮ್ಮ?’

‘ಮುಂದೆ ದಪ್ಪ ಆದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ಕೊಳ್ಳೋಕೆ.’

ಆಚಾರ್ರು ಗೋಡೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ‘ಯಾರಮ್ಮ ದಪ್ಪ ಆಗೋದು?’

ನಾನು ನಕ್ಕುಬಿಟ್ಟೆ. ಆ ವರ್ಷದಲ್ಲಿ ಅದೇ ಮೊದಲು. ನಗು ನಿಲ್ಲದೆ ಇಟ್ಟಿಗೆ ರಾಶಿಯ ಮೇಲೆ ಕೂತೆ. ಆಚಾರ್ರು ಗಾಬರಿಯಾಗಿ ಅಡುಗೆಮನೆಯಿಂದ ತಾವೇ ನೀರು ತಂದುಕೊಟ್ಟರು. ಅಕ್ಕ ಇದ್ದಿದ್ದರೆ ಚೀಟಿ ಹೊರಗೆ ಹೋಗುವ ಮೊದಲೇ ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ‘ಗಮನವಿಡು’ ಎಂದು ಬರೆಯುತ್ತಿದ್ದಳು.

ಗಾರೆಯವರು ಮತ್ತೆ ಬಂದು ಗೋಡೆಯನ್ನು ಕೆತ್ತಿದರು. ಮನೆ ಮಾರ್ಜಿನ್ ಬಿಚ್ಚಿಕೊಂಡಿತು. ಕಿಟಕಿ ಕೂತಿತು.

ಈಗ ಎರಡೂ ರೆಕ್ಕೆ ಆಚೆಗೆ ತೆಗೆದರೆ ಹಾಲಿನಿಂದ ಸೀಬೆಮರಕ್ಕೆ ನಾಲ್ಕು ಹೆಜ್ಜೆ. ಅಳಿಲುಗಳಿಗೂ ನಾಲ್ಕೇ. ಮೊದಲ ವಾರವೇ ಒಂದು ಒಳಗೆ ಬಂದು ಗಿರಾಕಿಯ ಬ್ಲೌಸಿನ ಮೇಲೆ ಅರ್ಧ ಸೀಬೆಕಾಯಿ ಬಿಟ್ಟುಹೋಯಿತು. ಎದುರಿಗೆ ನಿಂತು ಬೈದೆ. ಎದುರಿಗೆ ನಿಂತರೂ ಅವು ಮರ್ಯಾದೆ ಕೊಡುವುದಿಲ್ಲ; ಇದು ಅಕ್ಕನಿಗೆ ಗೊತ್ತಾಗಬೇಕಿತ್ತು. ಅಂಗಡಿಯವನು ಮತ್ತೆ ಕರೆ ಮಾಡಿದಾಗ, ಅಕ್ಕ ತೀರಿಕೊಂಡಳು, ಕಿಟಕಿ ಆಯಿತು ಎಂದು ಹೇಳಿದೆ. ‘ಆರು ಸಲ ಓಡಾಡಿದ್ರಲ್ಲ, ಅವರೇ ಅಲ್ವಾ ಮೇಡಂ?’ ಎಂದ ಅವನು.

ಮೆಷಿನ್ನನ್ನು ಮೊದಲು ಅಡುಗೆಮನೆಯಲ್ಲಿಟ್ಟೆ. ಸಾರಿನಲ್ಲಿ ದಾರ ಬಂತು. ಮಲಗುವ ಕೋಣೆಯಲ್ಲಿಟ್ಟೆ, ಬೀರುವಿನ ಬಾಗಿಲು ತೆಗೆಯಲಾಗಲಿಲ್ಲ. ದೇವರ ಮೂಲೆಯ ಪಕ್ಕ ಇಟ್ಟೆ. ಪೆಡಲ್ ತುಳಿದಾಗಲೆಲ್ಲ ದೀಪ ಅಲ್ಲಾಡಿತು. ಬ್ಲೌಸಿಗೆ ಬರುವವರು ಒಬ್ಬೊಬ್ಬರು ಒಂದೊಂದು ಜಾಗ ಹೇಳುತ್ತಾರೆ. ಸದ್ಯಕ್ಕೆ ಮುಂಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇದೆ, ಅಲ್ಲಿ ಹಗಲಲ್ಲೂ ಲೈಟ್ ಹಾಕಬೇಕು. ಈ ಮನೆಯಲ್ಲಿ ಇರುವುದು ಇಷ್ಟೇ ಜಾಗ, ಎಲ್ಲವನ್ನೂ ಅಳೆದಿದ್ದೇನೆ, ಮಾರ್ಜಿನ್ ಇಲ್ಲದೆ.

ಅಕ್ಕ ಯೋಚಿಸಿಟ್ಟಿದ್ದ ಜಾಗ ಮಾತ್ರ ಇನ್ನೂ ಸಿಕ್ಕಿಲ್ಲ.