ಭೂತನಾಳದ ಕೆರೆಯಲ್ಲಿ ಅಪ್ಪನ ಹಾಯಿದೋಣಿ

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಬಿಜಾಪುರ ಅನ್ನುತ್ತಿದ್ದರು. ಆ ಊರಿನಲ್ಲಿ ದೋಣಿ ಮಾಡುವ ಮನೆ ಅಂದರೆ ನಮ್ಮದೊಂದೇ. ಸಮುದ್ರ ಎಲ್ಲೋ ಇತ್ತು, ಹೊಳೆಯೂ ದೂರ, ಬೇಸಿಗೆ ಬಂತೆಂದರೆ ಬಾವಿಯ ತಳ ಕಾಣುತ್ತಿತ್ತು. ಅಂಥ ಊರಿನ ಸ್ಟೇಷನ್ ರಸ್ತೆಯಲ್ಲಿ, ತಗಡಿನ ಛಪ್ಪರದ ಕೆಳಗೆ, ಅಪ್ಪ ಹಾಯಿದೋಣಿ ಕಟ್ಟುತ್ತಿದ್ದ. ನಿಮಗೆ ನಗು ಬರುತ್ತಿದೆಯಲ್ಲ, ಮೊಮ್ಮಕ್ಕಳೇ? ಆಗಲೂ ಎಲ್ಲರೂ ನಗುತ್ತಿದ್ದರು.

ನಮ್ಮದು ಬಡಿಗತನದ ಮನೆ. ಕಾಕಾ, ಅಂದರೆ ಅಪ್ಪನ ತಮ್ಮ, ಎತ್ತಿನ ಚಕ್ಕಡಿ ಮಾಡುತ್ತಿದ್ದ. ಅಪ್ಪ ಮಾತ್ರ ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಹೋಗಿ, ಸಾಹೇಬರು ಮೋಜಿಗೆಂದು ಓಡಿಸುವ ಹಾಯಿದೋಣಿಗಳ ಕಾರ್ಖಾನೆಯಲ್ಲಿ ಕೆಲಸ ಕಲಿತಿದ್ದ. ಅವಕ್ಕೆ ಅಲ್ಲಿ ‘ಯಾಟ್’ ಅನ್ನುತ್ತಿದ್ದರಂತೆ. ನನಗೆ ಅಪ್ಪ ಅಂದರೆ ದೀಪಾವಳಿಗೆ ಬಂದು ಹೋಗುವ ನೆಂಟನ ಹಾಗಿದ್ದ. ಅವನು ಬಂದಾಗ ನಾನು ಅಕ್ಕನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಸಲಿಗೆ ಬೆಳೆಯುವಷ್ಟರಲ್ಲಿ ಅವನು ಮತ್ತೆ ಗಾಡಿ ಹತ್ತಿರುತ್ತಿದ್ದ.

ದೊಡ್ಡ ಯುದ್ಧ ಶುರುವಾಗಿ ಆ ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪ ಊರಿಗೆ ಬಂದು ಉಳಿದ. ಹೊಳೆಯಾಚೆಯ ಒಂದು ಸಣ್ಣ ಸಂಸ್ಥಾನದ ದೊರೆಗೆ, ಅರಮನೆಯ ಕೆರೆಯಲ್ಲಿ ಮಕ್ಕಳು ಆಡಲು ಒಂದು ಹಾಯಿದೋಣಿ ಬೇಕಾಗಿತ್ತು. ಮುಂಬಯಿಯಲ್ಲಿ ಮಾಡಿಕೊಡುವವರಿಲ್ಲದ್ದರಿಂದ ಅವರು ಅಪ್ಪನಿಗೆ ಹೇಳಿಕಳಿಸಿದರು. ಅಪ್ಪನಿಗೆ ಹಿಡಿಸಲಾರದ ಹಿಗ್ಗು. ಕಾಕಾನ ಛಪ್ಪರದಲ್ಲಿ ಅರ್ಧ ಜಾಗ ಕೇಳಿಕೊಂಡು ಕೆಲಸ ಶುರು ಮಾಡಿಯೇಬಿಟ್ಟ.

“ಕುಡ್ಯಾಕ ನೀರಿಲ್ಲದ ಊರಾಗ ಯಾಟ್ ಅಂತ! ಯಾಟಲ್ಲೋ ಯಪ್ಪಾ, ಅದು ಆಟ,” ಎಂದು ಓಣಿಯವರು ಆಡಿಕೊಂಡರು.

ಆ ಛಪ್ಪರದ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಸಾಗವಾನಿಯ ಹೊಟ್ಟು, ಅಗಸಿ ಎಣ್ಣೆ, ಒಲೆಯ ಮೇಲೆ ಕರಗುವ ರಾಳ. ಅಪ್ಪ ಹಲಗೆಗಳಿಗೆ ಬಿಸಿನೀರಿನ ಹಬೆ ಕೊಟ್ಟು, ರೊಟ್ಟಿ ಮಡಚಿದಷ್ಟು ಹಗುರವಾಗಿ ಬಾಗಿಸುತ್ತಿದ್ದ. ಹಲಗೆಗಳ ನಡುವಿನ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಹುರಿ ತುಂಬುತ್ತಿದ್ದ. ಅಕ್ಕ ದಪ್ಪ ಅರಿವೆಯನ್ನು ಅಂಗಳದ ತುಂಬ ಹರವಿಕೊಂಡು ದಬ್ಬಣದಿಂದ ಹಾಯಿ ಹೊಲಿದಳು. ನಾನು ಅದರ ಮೇಲೆ ಉರುಳಾಡುತ್ತಿದ್ದೆ.

ಒಬ್ಬರು ಮಾತ್ರ ಆ ಕಡೆ ಕಾಲಿಡುತ್ತಿರಲಿಲ್ಲ. ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದೆವು. ಆಯಿಯ ತವರು ಘೋಣಸಗಿ. ಅವಳು ಚಿಕ್ಕವಳಿದ್ದಾಗ ಅಲ್ಲಿನ ಹಳ್ಳಕ್ಕೆ ಒಮ್ಮೆಲೇ ನೀರು ಬಂದು, ಅವಳ ತಮ್ಮನನ್ನು ಕಣ್ಣೆದುರೇ ಎಳೆದುಕೊಂಡು ಹೋಗಿತ್ತು. ಅಂದಿನಿಂದ ಅವಳು ಮೊಳಕಾಲಿಗಿಂತ ಮೇಲೆ ಬರುವ ನೀರಿಗೆ ಇಳಿದವಳಲ್ಲ. “ನೀರಿನ ಕೂಡ ಆಟ ಆಡಬಾರದೋ, ಮಗಾ,” ಎಂದಷ್ಟೇ ಅಪ್ಪನಿಗೆ ಹೇಳುತ್ತಿದ್ದಳು.

ಕಾಕಾನಿಗೂ ಚಿಂತೆಯಿತ್ತು. ಯುದ್ಧದ ಕಾಲ, ಕಬ್ಬಿಣ ಸಿಗುವುದೇ ಕಷ್ಟ, ಛಪ್ಪರದಲ್ಲಿ ಚಕ್ಕಡಿ ನಿಲ್ಲಿಸಲು ಜಾಗವಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅವನು ಮೆಲ್ಲಗೆ ಅಂದ, “ಅಣ್ಣಾ, ಇದನ್ನ ಅವರು ಒಯ್ಲಿಲ್ಲಂದ್ರ ಮುಂದ ನಡಸೂದು ಆಗೂದಿಲ್ಲ ನೋಡು.” ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. “ಹಂಗಾದ್ರ ನಾ ಮತ್ತ ಮುಂಬಯಿಗೆ ಹೋಗ್ತೀನಿ. ಹಡಗು ರಿಪೇರಿ ಮಾಡೂ ಗೋದಿಯಾಗ ಏನರೆ ಕೆಲಸ ಸಿಗ್ತದ,” ಎಂದ. ನಾನು ತಾಟನ್ನು ಎಳೆದುಕೊಂಡು ಅಪ್ಪನ ಹತ್ತಿರ ಸರಿದೆ. ಆಗಷ್ಟೇ ನಾನು ಅಪ್ಪನ ಪಕ್ಕ ಮಲಗುವುದನ್ನು ಕಲಿತಿದ್ದೆ.

ಮಿರಗ, ಅಂದರೆ ಮೃಗಶಿರಾ ನಕ್ಷತ್ರ, ಹೂಡಿದರೂ ಮಳೆ ಬಾರದೆ ಬರೀ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ, ಸಂಸ್ಥಾನದ ಆಡಳಿತ ನೋಡುವ ಕಾರಭಾರಿಯವರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದಿಳಿದರು. ತಲೆಗೆ ಜರಿ ರುಮಾಲು, ಕೈಯಲ್ಲಿ ಬೆಳ್ಳಿ ಹಿಡಿಕೆಯ ಬೆತ್ತ. ಅವತ್ತೇ ರಾತ್ರಿಯ ಗಾಡಿಗೆ ವಾಪಸು ಹೋಗಬೇಕು, ಈಗಲೇ ನೀರಿಗೆ ಬಿಟ್ಟು ತೋರಿಸಿ ಅಂದರು. ಅಪ್ಪನ ಮುಖ ಸಣ್ಣದಾಯಿತು. ದೋಣಿ ಇಡೀ ಬೇಸಿಗೆ ತಗಡಿನ ಕೆಳಗೆ ಒಣಗಿತ್ತು. ಅದನ್ನು ಒಂದು ದಿನ ನೀರಿನಲ್ಲಿ ನೆನೆಯಲು ಬಿಟ್ಟು ಆಮೇಲೆ ತೋರಿಸಬೇಕೆಂದು ಅವನು ಲೆಕ್ಕ ಹಾಕಿದ್ದ. ಆದರೂ ಇಲ್ಲ ಅನ್ನಲಾಗಲಿಲ್ಲ. ಕಾಕಾ ದೊಡ್ಡ ಚಕ್ಕಡಿ ಹೂಡಿದ. ದೋಣಿಯನ್ನು ಅದರ ಮೇಲೆ ಬಿಗಿದು ಭೂತನಾಳದ ಕೆರೆಯ ದಾರಿ ಹಿಡಿದೆವು. ಹಿಂದೆ ಅರ್ಧ ಊರು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ಕರೆಯದೆಯೇ, ಆಯಿಯೂ ಚಕ್ಕಡಿ ಹತ್ತಿ ಕೂತಿದ್ದಳು.

ಅದು ಊರಿಗೆಲ್ಲ ಕುಡಿಯುವ ನೀರಿನ ಕೆರೆ. ಕಾವಲುಗಾರ ದೋಣಿಯ ಹೊಟ್ಟೆಯನ್ನು ಮುಟ್ಟಿ, ಮೂಸಿ, ಎರಡು ಸಲ ತೊಳೆಸಿದ ಮೇಲೆಯೇ ಬಿಟ್ಟ. ಅಪ್ಪ ಕಾಯಿ ಒಡೆದ. ದೋಣಿ ಸರ್ರನೆ ಜಾರಿ ನೀರಿಗಿಳಿಯಿತು. ನಾನು ಚಪ್ಪಾಳೆ ತಟ್ಟಿದೆ. ಆದರೆ ನೋಡನೋಡುತ್ತಿದ್ದಂತೆ ಹಲಗೆಗಳ ಸಂದಿಯಿಂದ ನೀರು ಚಿಲುಮೆಯ ಹಾಗೆ ಒಳಗೆ ಬರತೊಡಗಿತು. ದೋಣಿ ದಡದ ಪಕ್ಕದಲ್ಲೇ, ಕೆಸರಿನಲ್ಲಿ ಎಮ್ಮೆ ಕೂತ ಹಾಗೆ, ಕೂತುಬಿಟ್ಟಿತು.

ಜನ ಹೋ ಎಂದು ನಕ್ಕರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾಕಾ ಎತ್ತುಗಳ ಕಡೆ ತಿರುಗಿ ನಿಂತ. ಅಪ್ಪ ಮಾತ್ರ ಸೊಂಟದವರೆಗಿನ ನೀರಿನಲ್ಲಿ ನಿಂತು, “ಕಟ್ಟಿಗಿಗೆ ನೀರಡಿಕಿ ಆಗೇತ್ರಿ. ಒಣಗಿದ ಹಲಗಿ ನೀರು ಕುಡದು ಉಬ್ಬಿದ್ರ ಸಂದಿ ತಾನ ಮುಚ್ಚತಾವು. ಸಂಜಿತನಕ ತಾಳ್ರಿ,” ಎಂದ. ಕಾರಭಾರಿಯವರು ಆಗದು ಎಂಬಂತೆ ತಲೆಯಾಡಿಸಿ, ತಮ್ಮ ಟಾಂಗಾ ಕಡೆ ನಡೆದರು.

ಆಗ ಆಯಿ ಎದ್ದಳು. ಅವರ ದಾರಿಗೆ ಅಡ್ಡ ನಿಂತು, “ಉಣ್ಣೂ ಹೊತ್ತಿನ್ಯಾಗ ಹಸದ ಹೊಟ್ಟೀಲೆ ಹೊಂಟೀರೇನ್ರಿ, ಸಾಹೇಬ್ರ? ನಮ್ಮ ಮನಿಗಿ ಬಂದವರು ಹಂಗ ಹೋಗಬಾರದು. ಕೂಡ್ರಿ,” ಅಂದಳು. ಬೇವಿನ ಮರದ ಕೆಳಗೆ ಕಂಬಳಿ ಹಾಸಿ, ಬಿಳಿ ಜೋಳದ ರೊಟ್ಟಿ, ಬದನೀಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಅವರು ಸಾಕು ಅಂದಾಗಲೆಲ್ಲ ಇನ್ನೊಂದು ರೊಟ್ಟಿ ಬಿತ್ತು. ಉಂಡ ಮೇಲೆ ನೆರಳು, ಗಾಳಿ. ಕಾರಭಾರಿಯವರು ರುಮಾಲು ತೆಗೆದಿಟ್ಟು ಗೊರಕೆ ಹೊಡೆದರು!

ಅಷ್ಟೂ ಹೊತ್ತು ಅಪ್ಪ, ಅಕ್ಕ ನೀರಿನಲ್ಲೇ ಇದ್ದರು. ದೊಡ್ಡ ಸಂದಿಗಳಿಗೆ ಮತ್ತೆ ಹುರಿ ತುಂಬಿದರು. ಸ್ವಲ್ಪ ಹೊತ್ತಿನ ಮೇಲೆ ಕಾಕಾನೂ ಧೋತರ ಎತ್ತಿ ಕಟ್ಟಿಕೊಂಡು, ಇಳಿದು ಅಪ್ಪನ ಪಕ್ಕ ನಿಂತ. ನಾನು ದಡದಲ್ಲಿ ಕೂತು ಹಲಗೆಗಳನ್ನೇ ನೋಡುತ್ತ, “ಕುಡೀರಿ, ಲಗೂ ಕುಡೀರಿ,” ಎಂದು ಅವಕ್ಕೆ ಹೇಳುತ್ತಿದ್ದೆ. ಹೊತ್ತು ಇಳಿಯುವಾಗ ಒಳಗಿನ ನೀರನ್ನೆಲ್ಲ ಮೊಗೆದು ಚೆಲ್ಲಿದರು. ದೋಣಿ ಅಲುಗಾಡಿತು, ಮೇಲೆದ್ದಿತು, ತೇಲಿತು. ತಳದಲ್ಲಿ ಸ್ವಲ್ಪ ಜಿನುಗು ಬಿಟ್ಟರೆ ಒಳಗೆ ನೀರಿಲ್ಲ. ಈ ಸಲ ಯಾರೂ ನಗಲಿಲ್ಲ.

ಕಾರಭಾರಿಯವರು ಬಂದು ಬೆತ್ತದಿಂದ ದೋಣಿಯನ್ನು ತಟ್ಟಿ ನೋಡಿದರು. “ಇದರಾಗ ಕೂಡೋವರು ನಮ್ಮ ದೊರೆಗಳ ಮಕ್ಕಳು. ಮೊದಲು ನಿಮ್ಮ ಮನಿಯವರು ಯಾರರೆ ಕೂತು, ಕೆರಿ ನಡುವ ಹೋಗಿ ಬರ್ರಿ,” ಅಂದರು. ಬೆಳಿಗ್ಗೆ ಅದು ಮುಳುಗಿದ್ದನ್ನು ಎಲ್ಲರೂ ಕಂಡಿದ್ದರು. ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಆಯಿ ಅವಳ ಕೈ ಹಿಡಿದು ಹಿಂದಕ್ಕೆ ಸರಿಸಿದಳು.

“ನಾ ಕೂಡ್ತೀನಿ.”

“ಯವ್ವಾ, ನೀ ಬ್ಯಾಡ,” ಎಂದ ಅಪ್ಪ.

“ಯಾಕ? ನೀ ಮಾಡಿದ್ದರ ಮ್ಯಾಲ ನಿನಗ ನಂಬಿಕಿ ಇಲ್ಲೇನು? ಹಿಡಿ ಕೈ.”

ಆಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ದೋಣಿಗೆ ಕಾಲಿಟ್ಟಳು. ದೋಣಿ ಓಲಾಡಿತು. ಅವಳು ಅಪ್ಪನ ಅಂಗಿಯನ್ನು ಗಟ್ಟಿಯಾಗಿ ಹಿಡಿದು ಕೂತಳು, ತುಟಿಗಳು ಅಲುಗಾಡುತ್ತಿದ್ದವು. ಅಪ್ಪ ಹಗ್ಗ ಎಳೆದ. ಅಕ್ಕ ಹೊಲಿದ ಹಾಯಿ ಪಟಪಟ ಹೊಡೆದುಕೊಂಡು, ಒಮ್ಮೆಲೇ ಗಾಳಿ ತುಂಬಿಕೊಂಡು ಉಬ್ಬಿತು. ಇಷ್ಟು ದೊಡ್ಡದು ಸದ್ದೇ ಇಲ್ಲದೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ದೂರದಲ್ಲಿ ಗೋಲಗುಮ್ಮಟ, ಸಂಜೆಯ ಕೆಂಪು ನೀರು, ಅದರ ಮೇಲೆ ಬಿಳಿ ಹಾಯಿ. ಕೆರೆಯ ನಡುವೆ ತಲುಪಿದಾಗ ಆಯಿ ಕಣ್ಣು ತೆರೆದು ಸುತ್ತ ನೋಡಿದ್ದು, ಆಮೇಲೆ ಒಂದು ಕೈ ಬಿಟ್ಟು ನೀರನ್ನು ಮುಟ್ಟಿದ್ದು ದಡದಿಂದಲೂ ಕಾಣಿಸಿತು. ಎಷ್ಟೋ ಹೊತ್ತು ಅವಳು ಆ ಕೈಯನ್ನು ನೀರಿನಲ್ಲೇ ಇಟ್ಟಿದ್ದಳು.

ದಡಕ್ಕೆ ಬಂದಾಗ ಅವಳ ಕೆನ್ನೆ ಒದ್ದೆಯಾಗಿತ್ತು. “ನನ್ನ ತಮ್ಮನ ಕಾಲಕ್ಕ ಇಂಥಾದೊಂದು ಇದ್ದಿದ್ರ…” ಎಂದು ಅಪ್ಪನ ತಲೆ ಸವರಿದಳು. ಕಾರಭಾರಿಯವರು ರುಮಾಲು ಸರಿಮಾಡಿಕೊಂಡರು. ಆಮೇಲೆ, “ಮಹಾರಾಜರಿಗೆ ಇನ್ನೊಂದು ಬೇಕಾಗಬಹುದು,” ಎಂದರು.

ಅಪ್ಪ ಮತ್ತೆ ಮುಂಬಯಿಗೆ ಹೋಗಲಿಲ್ಲ. ಕಾಕಾ ತಾನೇ ಒಂದು ಹಲಗೆಗೆ ಬಣ್ಣ ಬಳಿದು ‘ಇಲ್ಲಿ ಚಕ್ಕಡಿ ಮತ್ತು ದೋಣಿ ಮಾಡಲಾಗುತ್ತದೆ’ ಎಂದು ಬರೆದು ಬಾಗಿಲಿಗೆ ಹೊಡೆದ. ಆ ಛಪ್ಪರದಿಂದ ಕೆಲವು ಹಾಯಿದೋಣಿಗಳು ಬೇರೆ ಬೇರೆ ಅರಮನೆಯ ಕೆರೆಗಳಿಗೆ ಹೋದವು. ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ಹೋದವು, ಮೋಜಿನ ದೋಣಿ ಕೇಳುವವರು ಇಲ್ಲವಾದರು. ಅಪ್ಪ ಹೊಳೆ ದಾಟಿಸುವ ದೋಣಿ ಕಟ್ಟಿದ. ಸೇತುವೆಗಳಾದ ಮೇಲೆ ಅದೂ ನಿಂತು, ಬಾಗಿಲು, ಕಿಟಕಿ ಮಾಡುತ್ತ ಮುದುಕನಾದ.

ಮೊನ್ನೆ ನೀವು ನನ್ನನ್ನು ಆಲಮಟ್ಟಿ ಅಣೆಕಟ್ಟಿಗೆ ಕರೆದುಕೊಂಡು ಹೋಗಿ ಎಂಜಿನ್ ದೋಣಿಯಲ್ಲಿ ಕೂರಿಸಿದಿರಿ. ಮುಳುಗದ ಹಾಗೆ ಕೇಸರಿ ಬಣ್ಣದ ಅಂಗಿ ತೊಡಿಸಿ, ಬೆಲ್ಟು ಬಿಗಿದರು. ನೀವಂತೂ ಈಜಿನ ಕ್ಲಾಸಿಗೆ ಹೋಗಿ ಮೀನಿನ ಹಾಗೆ ಈಜುವವರು. ನೀರು ಅಂದರೆ ನಿಮಗೆ ನಲ್ಲಿ ತಿರುಗಿಸಿದರೆ ಬರುವ ಗೆಳೆಯ. ಒಳ್ಳೆಯದೇ ಆಯಿತು ಬಿಡಿ. ಆದರೆ ನಿಮಗೊಂದು ಮಾತು ಹೇಳಲೇ? ಅಷ್ಟೆಲ್ಲ ದೋಣಿ ಕಟ್ಟಿದ ನಮ್ಮ ಮನೆಯಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಅಪ್ಪನಿಗೂ ಕೂಡ. ಅಂದು ದೋಣಿಗೆ ಕಾಲಿಟ್ಟಾಗ ಆಯಿಗೆ ಅದು ಗೊತ್ತಿತ್ತು.