ಒಂದೇ ಅಂಗಡಿಯ ಕುಂದಾ, ಎರಡು ವಿಭಾಗ

ಮನಸ್ಸನ್ನು ಒಂದೇ ಕಡೆ ಇಡಬೇಕು ಎಂದು ಯಾರಾದರೂ ಉಪದೇಶ ಶುರುಮಾಡಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರನ್ನು ಸ್ವಲ್ಪ ಗಮನಿಸಿ ನೋಡಿ. ಅವರ ಜೇಬಿನಲ್ಲಿ ಎರಡು ಪೆನ್ನು ಇರುತ್ತವೆ, ಮಗಳಿಗೆ ಒಟ್ಟಿಗೇ ಎರಡು ಕಡೆ ಗಂಡು ನೋಡುತ್ತಿರುತ್ತಾರೆ. ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತ ನಮ್ಮ ಜನ ಗೋವಾಕ್ಕೆ ಬಂದ ಮೇಲೆ ಶಾಂತಾದುರ್ಗೆಗೂ ಉಡಿ ತುಂಬುತ್ತಾರೆ. ದೇವಿಯರಿಬ್ಬರೂ ಇದುವರೆಗೆ ತಕರಾರು ತೆಗೆದದ್ದನ್ನು ನಾನು ಕೇಳಿಲ್ಲ. ತಕರಾರೆಲ್ಲ ಪ್ರೊಫೆಸರುಗಳದ್ದು.

ಎಂಬತ್ತರ ದಶಕದ ಕೊನೆಯಲ್ಲಿ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಸೀಟಿಗೆ ಅರ್ಜಿ ಹಾಕಿದ್ದೆ. ಮೊದಲ ಆಯ್ಕೆ ಸರ್ಜರಿ. ಅಲ್ಲಿ ಸೀಟು ಬೆರಳೆಣಿಕೆಯಷ್ಟು, ಹುಡುಗಿಯರಿಗೆ ಕೊಡುವ ಮನಸ್ಸು ಅದಕ್ಕಿಂತ ಕಡಿಮೆ. ಆದ್ದರಿಂದ ಕೆಳಗಿನ ಸಾಲಿನಲ್ಲಿ ಅರಿವಳಿಕೆ ಎಂದೂ ಬರೆದೆ. ಆ ವರ್ಷ ಯಾವ ಸೀಟೂ ಸಿಗದಿದ್ದರೆ ಮದುವೆ ಎಂದು ಮನೆಯಲ್ಲಿ ನಿಶ್ಚಯವಾಗಿತ್ತು. ಬೆಳಗಾವಿಯ ಸೋದರತ್ತೆ ಹುಡುಗನ ಫೋಟೋ ಕಳಿಸಿಯೂ ಆಗಿತ್ತು. ಹುಡುಗ ನೋಡಲು ಚೆನ್ನಾಗಿದ್ದ ಎಂಬುದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ನಮ್ಮಪ್ಪನದು ಗೋವಾದ ಸಾವರ್ಡೆಯಲ್ಲಿ ಪಾತ್ರೆ ಅಂಗಡಿ. ಎರಡು ಆಯ್ಕೆ ಬರೆದದ್ದು ತಪ್ಪಾಯಿತೇನೋ ಎಂದು ನಾನು ಅನುಮಾನಿಸಿದಾಗ ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ನಕ್ಕರು.

"ಒಬ್ಬ ವ್ಯಾಪಾರಿನ್ನ ನಂಬಿ ಅಂಗಡಿ ನಡಸಾಕ ಆಗತೈತೇನ ತಂಗಿ? ಹುಬ್ಬಳ್ಳಿ ಮಾಲು ಬರಲಿಲ್ಲಂದ್ರ ಕೊಲ್ಲಾಪುರದ್ದು ಬರ್ತೈತಿ. ಇಬ್ಬರ್ನೂ ಚಲೋ ಇಟ್ಕೋಬೇಕು."

ಇಬ್ಬರನ್ನೂ ಚಲೋ ಇಟ್ಟುಕೊಳ್ಳುವ ಅವರ ಪದ್ಧತಿ ದೀಪಾವಳಿಗೆ ಇಬ್ಬರಿಗೂ ಬೆಳಗಾವಿಯ ಕುಂದಾ ಮುಟ್ಟಿಸುವುದು. ಅದೇ ಪದ್ಧತಿಯನ್ನು ಅವರು ವೈದ್ಯಕೀಯ ಕಾಲೇಜಿಗೂ ಅನ್ವಯಿಸಿದರು. ನನಗೆ ಹೇಳದೆ, ಸಂದರ್ಶನಕ್ಕೆ ಮೊದಲು ಸರ್ಜರಿ ಮುಖ್ಯಸ್ಥರ ಮನೆಗೆ ಹೋಗಿ ಒಂದು ಡಬ್ಬಿ ಕುಂದಾ ಕೊಟ್ಟು, ಮಗಳಿಗೆ ನಿಮ್ಮ ವಿಭಾಗವೇ ಪ್ರಾಣ ಎಂದರು. ಅಲ್ಲಿಂದ ಅರಿವಳಿಕೆಯ ಮುಖ್ಯಸ್ಥೆಯ ಮನೆಗೆ ಹೋಗಿ, ಅದೇ ಅಂಗಡಿಯ ಇನ್ನೊಂದು ಡಬ್ಬಿ ಕೊಟ್ಟು, ಅದೇ ಪ್ರಾಣವನ್ನು ಅಲ್ಲಿಯೂ ಒಪ್ಪಿಸಿದರು. ಹುಬ್ಬಳ್ಳಿಗೂ ಕೊಲ್ಲಾಪುರಕ್ಕೂ ನಡುವೆ ಬೇಕಾದಷ್ಟು ದೂರವಿದೆ, ಈ ಎರಡು ಮನೆಗಳ ನಡುವೆ ಬರೀ ಒಂದು ಪೇರಲ ಗಿಡವಿತ್ತು. ಅಕ್ಕಪಕ್ಕದ ಮನೆಯವರು ಸಿಹಿ ಬಂದರೆ ಹಂಚಿಕೊಳ್ಳದೆ ಇರುತ್ತಾರೆಯೇ? ಸಂಜೆ ಆ ಮನೆಯ ಬಟ್ಟಲು ಈ ಮನೆಗೆ ಬಂತು, ಈ ಮನೆಯದು ಆ ಮನೆಗೆ ಹೋಯಿತು.

ಸಂದರ್ಶನದಲ್ಲಿ ಇಬ್ಬರೂ ಒಂದೇ ಮೇಜಿನ ಹಿಂದೆ ಕೂತಿದ್ದರು. ಕರುಳಿನ ಬಗ್ಗೆಯಾಗಲಿ ಉಸಿರಾಟದ ಬಗ್ಗೆಯಾಗಲಿ ಯಾರೂ ಏನೂ ಕೇಳಲಿಲ್ಲ. ನಿನ್ನ ಪ್ರಾಣ ನಿಜಕ್ಕೂ ಎಲ್ಲಿದೆ ಎಂದು ಸರ್ಜರಿಯವರು ಕೇಳಿದರು. ನಮ್ಮ ವಿಭಾಗವೇನು ಮಿಕ್ಕಿದ ಅನ್ನವೇ ಎಂದು ಮೇಡಂ ಕೇಳಿದರು. ಕುಂದಾದ ಕಥೆ ನನಗೆ ಗೊತ್ತಾದದ್ದೇ ಅಲ್ಲಿ. ಆದರೂ ಒಂದು ಮಾತು ಹೇಳಲೇಬೇಕು. ನನಗಿಂತ ಮುಂಚೆ ಒಳಗೆ ಹೋಗಿ ಬಂದ ಹುಡುಗನೂ ಇವೇ ಎರಡು ವಿಷಯ ಬರೆದಿದ್ದ. ಅವನದು ದೂರದೃಷ್ಟಿ ಎಂದು ಬೆನ್ನು ತಟ್ಟಿ ಕಳಿಸಿದ್ದರಂತೆ. ನನ್ನದು ಚಂಚಲ ಸ್ವಭಾವವಾಯಿತು. ಆ ಅನ್ಯಾಯ ನನಗೆ ಇವತ್ತಿಗೂ ಅರಗಿಲ್ಲ, ಅರಗಿಸಿಕೊಳ್ಳುವ ಇರಾದೆಯೂ ಇಲ್ಲ.

ಸರ್ಜರಿ ಅವನಿಗೆ ಹೋಯಿತು. ಅರಿವಳಿಕೆಗೆ ಆಗ ಬರುವವರೇ ಇರಲಿಲ್ಲವಾದ್ದರಿಂದ ಮೇಡಂ ಮುಖ ಗಂಟಿಕ್ಕಿಕೊಂಡೇ ನನ್ನನ್ನು ಸೇರಿಸಿಕೊಂಡರು. ಫೋಟೋ ಬೆಳಗಾವಿಗೆ ವಾಪಸಾಯಿತು. ಹಿಂದಿನ ಕಾಲದ ಶಸ್ತ್ರವೈದ್ಯರು ಕೊಯ್ಯುವ ಮೊದಲು ರೋಗಿಗೆ ಮದ್ಯ ಕುಡಿಸುತ್ತಿದ್ದರಂತೆ. ಕೊಯ್ದವರ ಕೀರ್ತಿ ಉಳಿಯಿತು, ಕುಡಿಸಿದವರು ಯಾರೆಂದು ಕೇಳಿದವರಿಲ್ಲ. ಗೋವಾದಲ್ಲಾದರೂ ಕುಡಿಸುವವರಿಗೆ ಸ್ವಲ್ಪ ಮರ್ಯಾದೆ ಸಿಗುತ್ತದೆ ಎಂದುಕೊಂಡಿದ್ದೆ, ಅದೂ ಸುಳ್ಳಾಯಿತು. ಕಲಂಗುಟ್‌ನಲ್ಲಿ ಹೋಟೆಲು ಕಟ್ಟುವಾಗ ಬಿದ್ದು ಕಾಲು ಮುರಿದುಕೊಂಡ ವಿಜಾಪುರ ಕಡೆಯ ಹೆಣ್ಣುಮಗಳೊಬ್ಬಳು ನನ್ನನ್ನು ಕಂಡು, "ಖರೇ ಡಾಕ್ಟರು ಯಾವಾಗ ಬರ್ತಾರ್ರಿ ಅಕ್ಕಾರ?" ಎಂದು ಕೇಳಿದ್ದಳು.

ತೊಂಬತ್ತರ ದಶಕದ ನಡುವೆ ಅದೇ ಸರ್ಜರಿ ಮುಖ್ಯಸ್ಥರಿಗೆ ಹರ್ನಿಯಾ ಆಯಿತು. ಇಡೀ ಆಸ್ಪತ್ರೆಯನ್ನು ನಡುಗಿಸುತ್ತಿದ್ದ ಮನುಷ್ಯ ಹಸಿರು ಗೌನು ತೊಟ್ಟು ಮೇಜಿನ ಮೇಲೆ ಮಲಗಿದ್ದರು. ಆ ದಿನ ಅವರಿಗೆ ಅರಿವಳಿಕೆ ಕೊಡುವ ಪಾಳಿ ನನ್ನದು. ಸೂಜಿ ಏರಿಸಿ ಮದ್ದು ಬಿಡುತ್ತಿದ್ದಂತೆ ಅವರು ನನ್ನ ಕೈ ಹಿಡಿದುಕೊಂಡರು.

"ಆಕ್ಸಿಜನ್ನಿನ ಇನ್ನೊಂದು ಸಿಲಿಂಡರ್ ಇದೆ ತಾನೇ?"

ಇದೆ ಎಂದೆ. ತೋರಿಸು ಎಂದರು. ತೋರಿಸಿದೆ. ತುಂಬಿದೆಯೋ ನೋಡಿದೆಯಾ ಎಂದರು. ನೋಡಿದ್ದೇನೆ ಎಂದೆ. ಆಗ ಅವರ ಮುಖ ಮಗುವಿನ ಹಾಗೆ ಸಡಿಲವಾಯಿತು.

ಎರಡನೆಯದನ್ನು ಇಟ್ಟುಕೊಳ್ಳುವುದರ ಬಗ್ಗೆ ಅವರಿಗೆ ಹೇಳಲೆಂದು ಇಷ್ಟು ವರ್ಷ ಹದಮಾಡಿ ಇಟ್ಟುಕೊಂಡಿದ್ದ ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೆ. ಅಷ್ಟರಲ್ಲಿ ಅವರಿಗೆ ಗಾಢ ನಿದ್ದೆ ಹತ್ತಿಬಿಟ್ಟಿತ್ತು. ಯಾರನ್ನು ಬೈಯಲಿ, ಮದ್ದು ಕೊಟ್ಟವಳು ನಾನೇ.